ಮೊಣಕಾಲಿನ ಕೀಲುಬದಲಾವಣೆ: ಕಣ್ಣಳತೆಯೂ ಗಣಕದಳತೆಯೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಇತಿಹಾಸವೆಂದೊಡನೆ 1824ರ ಕಿತ್ತೂರಿನ ಸಮರವೂ, 1948ರಲ್ಲಿ ವಿಲೀನಗೊಂಡ ರಾಮದುರ್ಗ ಸಂಸ್ಥಾನವೂ ನಮಗೆ ನೆನಪಾಗುತ್ತವೆ. ಆದರೆ ಜನರು ತಮ್ಮ ಮೈನೋವಿಗೆ ಯಾವ ಪರಿಹಾರವನ್ನು ಕಂಡುಕೊಂಡರೆಂಬುದೂ ಇತಿಹಾಸವೇ ಸರಿ. ಜೋಳದ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕಳೆ ತೆಗೆಯುವವರಿಗೂ, ಮಗ್ಗದ ಮುಂದೆ ಆಯುಷ್ಯ ಸವೆಸಿದವರಿಗೂ, ಎಲ್ಲಮ್ಮನ ಗುಡ್ಡವನ್ನೇರುವವರಿಗೂ ಸಂಧಿವಾತದಿಂದ ಮೊಣಕಾಲು ಕೆಟ್ಟಿತೆಂದರೆ ಅರ್ಧ ಬದುಕು ನಿಂತಂತೆ. ಔಷಧ, ವ್ಯಾಯಾಮಗಳಿಂದ ನೋವು ತಗ್ಗದೆ ಬೆಳಗಾವಿ, ಹುಬ್ಬಳ್ಳಿಗಳ ಆಸ್ಪತ್ರೆಗಳಿಗೆ ಹೋದವರ ಎದುರಿಗೆ ಇಂದು ಬರಬಹುದಾದ ಪ್ರಶ್ನೆ ಇದು: ವಾಡಿಕೆಯ ಶಸ್ತ್ರಚಿಕಿತ್ಸೆಯೋ, ಕಂಪ್ಯೂಟರಿನ ನೆರವಿನದೋ?

ಉತ್ತರಕ್ಕೆ ಮುನ್ನ ಪೂರ್ವೇತಿಹಾಸವನ್ನು ನೋಡೋಣ. 1890ರಲ್ಲಿ ಬರ್ಲಿನ್ನಿನ ಥೆಮಿಸ್ಟೊಕ್ಲಿಸ್ ಗ್ಲುಕ್ ಆನೆಯ ದಂತದಿಂದ ಮಾಡಿದ ಕೀಲನ್ನು ಮೊಣಕಾಲಿಗೆ ಜೋಡಿಸಿದನು. ಸೋಂಕಿನಿಂದ ಆ ಪ್ರಯತ್ನ ವಿಫಲವಾಯಿತು. ಲೋಹವೂ ಪಾಲಿಥೀನೂ ಕೂಡಿದ ಆಧುನಿಕ ಕೀಲು ನೆಲೆಗೊಂಡುದು 1970ರ ದಶಕದಲ್ಲಿ, ನ್ಯೂಯಾರ್ಕಿನ ಜಾನ್ ಇನ್ಸಾಲ್ ಮೊದಲಾದವರ ಯತ್ನದಿಂದ. 1997ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ಈ ಚಿಕಿತ್ಸೆಗೆ ಕಂಪ್ಯೂಟರಿನ ಮಾರ್ಗದರ್ಶನ ದೊರೆಯಿತು.

ಎರಡು ಕ್ರಮಗಳಲ್ಲಿಯೂ ಕೂಡಿಸುವ ಕೀಲು ಒಂದೇ, ಭೇದವಿರುವುದು ಅಳತೆಯಲ್ಲಿ. ಸೊಂಟದ ಕೀಲಿನಿಂದ ಹರಡಿನವರೆಗೆ ಎಳೆದ ರೇಖೆ ಮೊಣಕಾಲಿನ ನಡುವೆ ಹಾದುಹೋಗಬೇಕು. ಅಚ್ಚು ಓರೆಯಾದ ಚಕ್ಕಡಿಯ ಗಾಲಿ ಒಂದು ಬದಿಗೆ ಸವೆಯುವಂತೆ, ಓರೆಯಾಗಿ ಕೂತ ಕೀಲೂ ಸವೆಯುವುದೆಂಬುದು ವೈದ್ಯರ ಭಯ. ವಾಡಿಕೆಯ ಕ್ರಮದಲ್ಲಿ ತೊಡೆಯ ಮೂಳೆಯೊಳಗೆ ಸರಳನ್ನು ತೂರಿಸಿ, ಅದರ ಆಧಾರದಿಂದಲೂ ಕಣ್ಣಳತೆಯಿಂದಲೂ ಮೂಳೆಯನ್ನು ಕತ್ತರಿಸುವರು. ಹೊಸ ಕ್ರಮದಲ್ಲಿ ಮೂಳೆಗಳಿಗೆ ಗುರುತುಗಳನ್ನು ಸಿಕ್ಕಿಸಿ, ಅವುಗಳ ಚಲನೆಯನ್ನು ಕ್ಯಾಮೆರಾ ಹಿಡಿಯಲು, ಗಣಕವು ಕೋನವನ್ನು ಪರದೆಯ ಮೇಲೆ ತೋರಿಸುವುದು. ಗಣಕ ತೋರಿಸುವುದೇ ಹೊರತು ಕತ್ತರಿಸುವುದಿಲ್ಲ, ಕೈ ವೈದ್ಯನದೇ.

ಫಲವೇನು? ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಮೂರು ಡಿಗ್ರಿಗಿಂತ ಹೆಚ್ಚು ಓರೆಯಾದ ಕಾಲುಗಳು ವಾಡಿಕೆಯ ಕ್ರಮದಲ್ಲಿ ನೂರಕ್ಕೆ ಸುಮಾರು 32, ಗಣಕಕ್ರಮದಲ್ಲಿ 9. ಅಳತೆಯಲ್ಲಿ ಗಣಕ ಗೆದ್ದಿತೆಂಬುದು ನಿಸ್ಸಂದೇಹ. ಆದರೆ ಒಬ್ಬರ ಎರಡು ಕಾಲುಗಳಿಗೆ ಎರಡು ಕ್ರಮಗಳನ್ನು ಅನುಸರಿಸಿ, ಸುಮಾರು ಹತ್ತು ವರ್ಷ ನಿರೀಕ್ಷಿಸಿದ ಕೊರಿಯಾದ ವೈದ್ಯರು 2012ರಲ್ಲಿ ನೋವಿನಲ್ಲಾಗಲಿ ಬಾಳಿಕೆಯಲ್ಲಾಗಲಿ ಗಣನೀಯ ಭೇದವನ್ನು ಕಾಣಲಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ದಾಖಲೆಯಾದರೋ, 65 ವರ್ಷದೊಳಗಿನವರಲ್ಲಿ ಮರುಶಸ್ತ್ರಚಿಕಿತ್ಸೆ ಗಣಕಕ್ರಮದಿಂದ ತುಸು ತಗ್ಗಿತೆಂದು ತೋರಿಸಿತು. ಹೊಸ ಕ್ರಮಕ್ಕೆ ಹೆಚ್ಚು ವೇಳೆ ಹಿಡಿಯುವುದೂ ಉಂಟು.

ಈ ವಿಚಾರ ಬರಿಯ ಪಾಂಡಿತ್ಯದ್ದಲ್ಲ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರವು ಸಾಮಾನ್ಯ ಬಳಕೆಯ ಕೀಲಿಗೆ 54,720 ರೂಪಾಯಿಗಳ ಮಿತಿಯನ್ನು ಗೊತ್ತುಪಡಿಸಿತು. ಆದರೆ ಆಸ್ಪತ್ರೆಯ ಉಳಿದ ವೆಚ್ಚ ಅದರ ಹೊರಗಿನದು. ಸಾಲ ಮಾಡಿ ಬರುವ ರೈತನಿಗೆ ‘ಕಂಪ್ಯೂಟರ್’ ಎಂಬ ಹೆಸರೇ ಹೆಚ್ಚಿನ ಹಣಕ್ಕೆ ಕಾರಣವಾಗಬಾರದು. ಚಿಕ್ಕ ವಯಸ್ಸಿನವರಿಗೂ, ಮೊದಲೇ ಮೂಳೆ ಮುರಿದು ವಕ್ರವಾದವರಿಗೂ ಗಣಕದ ಪ್ರಯೋಜನವನ್ನು ವೈದ್ಯರೊಡನೆ ಚರ್ಚಿಸುವುದು ಯುಕ್ತ. ಉಳಿದವರು ಮೊದಲು ವಿಚಾರಿಸಬೇಕಾದುದು ವೈದ್ಯನ ಅನುಭವವನ್ನೂ, ಅನಂತರದ ವ್ಯಾಯಾಮದ ವ್ಯವಸ್ಥೆಯನ್ನೂ. ಅಳತೆ ಸಾಧನ ಮಾತ್ರ. ನೋವಿಲ್ಲದೆ ನಡೆಯುವುದೇ ಸಾಧ್ಯ. ಉಪಕರಣಗಳ ಇತಿಹಾಸವನ್ನು ಬರೆಯುವಾಗ ಈ ಭೇದವನ್ನು ನಾವು ಮರೆಯಲಾಗದು.