ಚೋಮನಿಂದ ಮೂಕಜ್ಜಿಯವರೆಗೆ: ಕಾರಂತರ ಬರಹದಲ್ಲಿ ನಂಬಿಕೆಯ ಪ್ರಶ್ನೆ

ಶಿವರಾಮ ಕಾರಂತರು ದೇವರನ್ನು ನಂಬುತ್ತಿದ್ದರೇ ಎಂದು ಕೇಳುವವರಿಗೆ ಅವರ ವೈಚಾರಿಕ ಬರಹಗಳಲ್ಲಿ ಉತ್ತರ ಸಿಗುತ್ತದೆ. ಹರಕೆಗೆ ಒಲಿಯುವ, ಬೇಡಿದ್ದನ್ನು ಕೊಡುವ ದೇವರಲ್ಲಿ ಅವರಿಗೆ ವಿಶ್ವಾಸವಿರಲಿಲ್ಲ. ಸ್ವರ್ಗದ ಆಸೆಯಿಂದಲೋ ನರಕದ ಭಯದಿಂದಲೋ ಬಾಳನ್ನು ಅಳೆಯುವುದನ್ನೂ ಅವರು ಒಪ್ಪಲಿಲ್ಲ. ಆದರೆ ಅವರ ಕಾದಂಬರಿಗಳ ತುಂಬ ನಂಬುವವರೇ ಇದ್ದಾರೆ. ಭೂತಕ್ಕೆ ಅಂಜುವವರು, ವ್ರತ ಹಿಡಿದವರು, ಸಮಾಧಿಗೆ ಕೈಮುಗಿಯುವವರು, ಮಡಿ ಮೈಲಿಗೆಯಲ್ಲೇ ಹಣ್ಣಾದವರು. ಪ್ರಬಂಧಗಳಲ್ಲಿ ನಿಷ್ಠುರವಾಗಿ ತಿರಸ್ಕರಿಸಿದ್ದನ್ನು ಕಾರಂತರು ಕಾದಂಬರಿಗಳಲ್ಲಿ ತಾಳ್ಮೆಯಿಂದ ಕೇಳಿಸಿಕೊಂಡರು. ಸುಮಾರು ನಾಲ್ಕು ದಶಕಗಳ ಅವರ ಚಿಂತನೆಯ ಬೆಳವಣಿಗೆ ನಡೆದದ್ದು ಈ ಎರಡರ ನಡುವೆ.

1902ರಲ್ಲಿ ಕೋಟದಲ್ಲಿ ಹುಟ್ಟಿದ ಕಾರಂತರು ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಮಂಗಳೂರಿನ ಕಾಲೇಜನ್ನು ಬಿಟ್ಟರು. ಹರೆಯದಲ್ಲಿ ಹಿಡಿದ ಹಲವು ಹುಚ್ಚುಗಳಲ್ಲಿ ಅಧ್ಯಾತ್ಮದ ಹುಚ್ಚೂ ಒಂದು. 1948ರಲ್ಲಿ ಬಂದ ಆತ್ಮಕಥನಕ್ಕೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂಬ ಹೆಸರು ಬಂದದ್ದು ಸುಮ್ಮನೆ ಅಲ್ಲ. ನಂಬಿಕೆಯ ಬಗ್ಗೆ ಅವರು ಆಡಿದ ಮಾತು ಹೊರಗೆ ನಿಂತು ನೋಡಿದವರ ಮಾತಲ್ಲ. ಒಳಹೊಕ್ಕು ಹೊರಬಂದವರ ಮಾತು.

ಮೊದಲ ಘಟ್ಟದ ಮುಖ್ಯ ಕೃತಿ 1933ರ ‘ಚೋಮನ ದುಡಿ’. ತುಂಡು ಭೂಮಿಯನ್ನು ಗೇಣಿಗೆ ಮಾಡಬೇಕೆಂಬ ಹೊಲೆಯ ಚೋಮನ ಆಸೆಗೆ ಜಾತಿ ಅಡ್ಡ ಬರುತ್ತದೆ. ಮಗ ಗುರುವ ಕ್ರೈಸ್ತನಾಗುತ್ತಾನೆ. ಇನ್ನೊಬ್ಬ ಮಗ ನೀಲ ಹೊಳೆಯಲ್ಲಿ ಮುಳುಗುತ್ತಿರುವಾಗ ಮೇಲ್ಜಾತಿಯವರು ಮುಟ್ಟಲು ಹಿಂಜರಿದುದರಿಂದ ಅವನು ಸಾಯುತ್ತಾನೆ. ಮತ ಬದಲಿಸಿದರೆ ಭೂಮಿ ಸಿಗಬಹುದು ಎಂದು ಹೊರಟ ಚೋಮ ತನ್ನ ದೈವ ಪಂಜುರ್ಲಿಯನ್ನು ನೆನೆದು ಹಿಂದಿರುಗುತ್ತಾನೆ. ಅವನಿಗೆ ಏನನ್ನೂ ಕೊಡದ ನಂಬಿಕೆ ಅದು, ಆದರೂ ಅವನ ಪಾಲಿಗೆ ಉಳಿದಿರುವ ಒಂದೇ ಆಸ್ತಿ. ಸುಧಾರಣೆಯ ಉತ್ಸಾಹದಲ್ಲಿದ್ದ ಬೇರೊಬ್ಬ ಲೇಖಕನಾಗಿದ್ದರೆ ಇದನ್ನು ಮೌಢ್ಯವೆಂದು ಜರೆದು ಮುಗಿಸುತ್ತಿದ್ದ. ಕಾರಂತರು ತೀರ್ಪು ಕೊಡದೆ ಚೋಮನ ಕೈಗೆ ದುಡಿ ಕೊಟ್ಟರು.

1937ರ ‘ಸರಸಮ್ಮನ ಸಮಾಧಿ’ಯಲ್ಲಿ ದನಿ ಬೇರೆ. ಮಹಾಸತಿಯೆಂದು ಊರು ಪೂಜಿಸುವ ಹೆಣ್ಣಿನ ಬಾಳು ನಿಜಕ್ಕೂ ಹೇಗಿತ್ತು ಎಂದು ಕೆದಕುವ ಕಾದಂಬರಿ ಇದು. ದಾಂಪತ್ಯದ ಸುಖ ಬೇಡಿ ಹೆಂಗಸರು ಬಂದು ನಿಲ್ಲುವುದು ಆ ಸುಖವನ್ನೇ ಕಾಣದವಳ ಸಮಾಧಿಯ ಮುಂದೆ. ಬಡವನ ನಂಬಿಕೆಗೆ ಮರುಗಿದ ಲೇಖಕರು ನೋವನ್ನು ಮುಚ್ಚಿಡಲು ಸಮಾಜ ಕಟ್ಟಿದ ನಂಬಿಕೆಗೆ ಕರುಣೆ ತೋರಲಿಲ್ಲ. ಈ ವಿವೇಚನೆ ಮುಂದೆಯೂ ಅವರ ಕೈಬಿಡಲಿಲ್ಲ.

1940ರ ದಶಕದಲ್ಲಿ ಪ್ರಶ್ನೆಯ ಸ್ವರೂಪ ಬದಲಾಯಿತು. ದೇವರು ಉಂಟೋ ಇಲ್ಲವೋ ಎಂಬುದು ಹಿಂದೆ ಸರಿದು, ಮನುಷ್ಯ ಯಾವ ಬಲದಿಂದ ಬದುಕುತ್ತಾನೆ ಎಂಬುದು ಮುಂದೆ ಬಂತು. ‘ಮರಳಿ ಮಣ್ಣಿಗೆ’ ಕಡಲ ದಂಡೆಯ ಕುಟುಂಬವೊಂದರ ಮೂರು ತಲೆಮಾರಿನ ಕಥೆ. ಪೌರೋಹಿತ್ಯದ ಮನೆಯಾದರೂ ಅದನ್ನು ಎತ್ತಿ ಹಿಡಿದದ್ದು ಮಂತ್ರಕ್ಕಿಂತ ಹೆಚ್ಚಾಗಿ ಹೆಂಗಸರ ದುಡಿಮೆ. 1943ರ ‘ಬೆಟ್ಟದ ಜೀವ’ದಲ್ಲಿ ಗೋಪಾಲಯ್ಯ ಕಾಡಿನ ನಡುವೆ ತೋಟ ಎಬ್ಬಿಸಿದವರು. ಮನೆ ಬಿಟ್ಟು ಹೋದ ಮಗನ ಕೊರಗು ಎದೆಯಲ್ಲಿದ್ದರೂ ದಾರಿ ತಪ್ಪಿ ಬಂದ ಅತಿಥಿಗೆ ಊಟ ಹಾಕಿ ನಗಿಸುವವರು. ಅವರ ಬಾಳಿಗೆ ಶಾಸ್ತ್ರದ ಸಮರ್ಥನೆ ಬೇಕಾಗಿಲ್ಲ.

ಇದೇ ದಶಕದ ವೈಚಾರಿಕ ಕೃತಿ ‘ಬಾಳ್ವೆಯೇ ಬೆಳಕು’ ಈ ಕಾದಂಬರಿಗಳ ಹಿಂದಿರುವ ವಿಚಾರವನ್ನು ಬಿಡಿಸಿ ಹೇಳುತ್ತದೆ. ಬಾಳಿನ ಅರ್ಥವನ್ನು ಬಾಳಿನಾಚೆ ಹುಡುಕಬೇಕಾಗಿಲ್ಲ, ಅದು ಬದುಕುವ ರೀತಿಯಲ್ಲೇ ಸಿಗಬೇಕು ಎಂಬುದು ಅದರ ತಿರುಳು. ಆ ವಾದವನ್ನು ಒಪ್ಪದ ಓದುಗನೂ ಗೋಪಾಲಯ್ಯನ ಮುಂದೆ ತಲೆದೂಗುತ್ತಾನೆ. ತರ್ಕದಿಂದ ಆಗದ ಕೆಲಸವನ್ನು ಪಾತ್ರ ಮಾಡಿದೆ.

1960ರ ‘ಅಳಿದ ಮೇಲೆ’ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಪರಿಚಿತನಾದ ಯಶವಂತರಾಯ ತೀರಿಕೊಂಡ ಮೇಲೆ ಅವನು ಬಿಟ್ಟುಹೋದ ಬರಹಗಳ ಜಾಡು ಹಿಡಿದು, ಅವನ ಬಾಳಿಗೆ ಸೇರಿದವರನ್ನು ನಿರೂಪಕ ಹುಡುಕುತ್ತಾ ಹೋಗುತ್ತಾನೆ. ಸತ್ತ ಮೇಲೆ ಏನು ಉಳಿಯುತ್ತದೆ ಎಂಬ ಹಳೆಯ ಪ್ರಶ್ನೆಗೆ ಇಲ್ಲಿ ಆತ್ಮದ ಚರ್ಚೆ ಉತ್ತರವಾಗುವುದಿಲ್ಲ. ಬದುಕಿರುವವರ ನೆನಪಿನಲ್ಲಿ ಆತ ಪಡೆದದ್ದೆಷ್ಟು, ತೀರಿಸಿದ್ದೆಷ್ಟು ಎಂಬ ಲೆಕ್ಕವೇ ಉತ್ತರ. ದೇವರ ಜಾಗದಲ್ಲಿ ಕಾರಂತರು ತಂದಿಟ್ಟದ್ದು ಈ ಋಣದ ಕಲ್ಪನೆಯನ್ನು.

ಪ್ರಬಂಧದ ವಿಚಾರ, ಕಾದಂಬರಿಯ ಕಥನ ಎರಡೂ ಧಾರೆಗಳು ಕೂಡಿದ್ದು 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ. 1977ರಲ್ಲಿ ಜ್ಞಾನಪೀಠ ಪ್ರಶಸ್ತಿ ತಂದ ಕೃತಿ. ಬಾಲ್ಯದಲ್ಲೇ ವಿಧವೆಯಾಗಿ ಮುಪ್ಪಾದ ಮೂಕಾಂಬಿಕೆ, ಮೊಮ್ಮಗ ಸುಬ್ಬರಾಯ ತಂದುಕೊಟ್ಟ ಹಳೆಯ ವಸ್ತುವನ್ನು ಮುಟ್ಟಿ ಅದರ ಹಿಂದಿನ ಕಾಲವನ್ನು ಕಾಣುತ್ತಾಳೆ. ದೇವರುಗಳು ಹುಟ್ಟಿದ್ದು, ಒಂದನ್ನು ಸರಿಸಿ ಇನ್ನೊಂದು ಬಂದದ್ದು, ಸೃಷ್ಟಿಯ ಬೆರಗೇ ಪೂಜೆಯಾದದ್ದು ಅವಳ ಬಾಯಲ್ಲಿ ಮನೆಯ ಸುದ್ದಿಯಷ್ಟು ಸರಾಗವಾಗಿ ಬರುತ್ತದೆ. ಸಂಸಾರವನ್ನು ಕೀಳೆಂದು ಬಗೆವ ಸನ್ಯಾಸ ಅವಳಿಗೆ ಹಿಡಿಸದು. ಊರು ದೂರವಿಟ್ಟ ನಾಗಿಯಂಥವಳಿಗೆ ಅವಳಲ್ಲಿ ಆಸರೆ ಉಂಟು. ಪವಾಡವನ್ನು ನಂಬದ ಲೇಖಕ ತನ್ನ ಮುಖ್ಯ ಪಾತ್ರಕ್ಕೆ ಅತೀಂದ್ರಿಯ ಶಕ್ತಿ ಕೊಡಬಹುದೇ ಎಂಬ ಆಕ್ಷೇಪ ಸಹಜ. ಮೂಕಜ್ಜಿಯನ್ನು ಕಥಾನಾಯಿಕೆ ಎನ್ನಲು ಮುನ್ನುಡಿಯಲ್ಲಿ ಕಾರಂತರೇ ಒಪ್ಪುವುದಿಲ್ಲ. ಸಂಪ್ರದಾಯದೊಳಗೇ ಹುಟ್ಟುವ ಸಂಶಯಕ್ಕೆ ಆ ಅಜ್ಜಿ ಒಂದು ರೂಪ. ಅವಳು ಮಾತನಾಡತೊಡಗಿದರೆ ಕಥೆ ತೆಳುವಾಗುವುದೂ ನಿಜ. ಅಷ್ಟರ ಮಟ್ಟಿಗೆ ಪ್ರಬಂಧಕಾರ ಕಾದಂಬರಿಕಾರನ ಕೆಲಸಕ್ಕೆ ಕೈಹಾಕಿದ್ದಾನೆ.

ದೇವರನ್ನು ಬಿಟ್ಟರೆ ನೀತಿಗೆ ನೆಲೆ ಎಲ್ಲಿ ಎಂಬ ಸವಾಲಿಗೆ ಕಾರಂತರು ಬರಹದಾಚೆಗೂ ಉತ್ತರಿಸಿದರು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣ ಹಿಂದಿರುಗಿಸಿದರು. ಎಂಬತ್ತು ದಾಟಿದ ಮೇಲೆ ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಲೋಕಸಭೆ ಚುನಾವಣೆಗೆ ನಿಂತು ಸೋತರು. ಋಣದ ಕಲ್ಪನೆ ಅವರಿಗೆ ಕೇವಲ ಕಾದಂಬರಿಯ ವಸ್ತುವಾಗಿರಲಿಲ್ಲ.

1997ರಲ್ಲಿ ತೀರಿಕೊಂಡ ಕಾರಂತರನ್ನು ಇಂದು ಆಸ್ತಿಕರೂ ನಾಸ್ತಿಕರೂ ತಮ್ಮವರೆನ್ನಲು ‘ಮೂಕಜ್ಜಿ’ಯ ಒಂದೆರಡು ಮಾತುಗಳನ್ನೇ ಎತ್ತಿಕೊಳ್ಳುತ್ತಾರೆ. ಅಷ್ಟು ಸಾಲದು. ‘ಚೋಮನ ದುಡಿ’, ‘ಬೆಟ್ಟದ ಜೀವ’, ‘ಬಾಳ್ವೆಯೇ ಬೆಳಕು’, ‘ಅಳಿದ ಮೇಲೆ’ ಓದಿ ಆಮೇಲೆ ಮೂಕಜ್ಜಿಯ ಬಳಿ ಹೋಗಬೇಕು. ನಂಬದೆಯೂ ನಂಬುವವರನ್ನು ಗೌರವದಿಂದ ಬರೆಯಬಹುದು ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.