ಕೃತಕ ಮೃದ್ವಸ್ಥಿಗೆ ಮಂಡಿಯಲ್ಲಿ ಭದ್ರ ನೆಲೆ: ಮೂರು ಗಡಿಗಳ ವಿವೇಚನೆ

ಸಾರಾಂಶ

ಸವೆದ ಮೃದ್ವಸ್ಥಿಯ ಜಾಗದಲ್ಲಿ ಕೂರಿಸಲು ರೂಪಿಸಿದ ಹೈಡ್ರೋಜೆಲ್‌ಗಳು ಪ್ರಯೋಗಾಲಯದಲ್ಲಿ ಸಹಜ ಮೃದ್ವಸ್ಥಿಯ ಬಲವನ್ನು ಮೀರಿವೆ. ಆದರೆ ಮಂಡಿಯೊಳಗೆ ಅವು ಎಷ್ಟು ಕಾಲ ಬಾಳುತ್ತವೆ ಎಂಬುದು ಅವುಗಳ ಹಿಡಿತವನ್ನು ಅವಲಂಬಿಸಿದೆ. ಜೆಲ್ ಮತ್ತು ಅದನ್ನು ಹೊತ್ತ ಆಧಾರ, ಆಧಾರ ಮತ್ತು ಮೂಳೆ, ಜೆಲ್ ಮತ್ತು ಸುತ್ತಲಿನ ಮೃದ್ವಸ್ಥಿ ಎಂಬ ಮೂರು ಗಡಿಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಅದರಲ್ಲೂ ಮೂರನೆಯದಕ್ಕೆ ಹೆಚ್ಚಿನ ಗಮನ ಸಲ್ಲಬೇಕು ಎಂಬುದು ಈ ಲೇಖನದ ವಾದ.

1. ಸಮಸ್ಯೆಯ ಸ್ವರೂಪ

ಒಮ್ಮೆ ನಾಶವಾದ ಮೃದ್ವಸ್ಥಿ ಮತ್ತೆ ಕೂಡಿಕೊಳ್ಳುವುದಿಲ್ಲವೆಂದು ವಿಲಿಯಂ ಹಂಟರ್ 1743ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದರು. ರಕ್ತನಾಳಗಳಿಲ್ಲದ ಈ ಅಂಗಾಂಶಕ್ಕೆ ತನ್ನನ್ನು ದುರಸ್ತಿ ಮಾಡಿಕೊಳ್ಳುವ ಶಕ್ತಿ ತೀರಾ ಕಡಿಮೆ. ತೊಡೆಮೂಳೆಯ ತುದಿಯಲ್ಲಿ ಅದರ ದಪ್ಪ ಕೆಲವೇ ಮಿಲಿಮೀಟರ್. ತೂಕದಲ್ಲಿ ಬಹುಪಾಲು ನೀರು. ಅದು ಹೊರುವ ಭಾರ ಮಾತ್ರ ದೊಡ್ಡದು. ಬರ್ಲಿನ್ನಿನ ಸಂಶೋಧಕರು ಸಂವೇದಕ ಅಳವಡಿಸಿದ ಕೃತಕ ಮಂಡಿಗಳಿಂದ ಪಡೆದು 2010ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಸಮತಟ್ಟು ನೆಲದಲ್ಲಿ ನಡೆಯುವಾಗ ಮಂಡಿಯ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು, ಮೆಟ್ಟಿಲಿಳಿಯುವಾಗ ಸುಮಾರು ಮೂರೂವರೆ ಪಟ್ಟು ಬಲ ಬೀಳುತ್ತದೆ. ಇದರ ಜೊತೆಗೆ ಪ್ರತಿ ಹೆಜ್ಜೆಗೂ ಪಕ್ಕಕ್ಕೆ ಸರಿಸುವ ಶಿಯರ್ ಬಲವೂ ಸೇರುತ್ತದೆ. ಕೂರಿಸಿದ ತುಣುಕನ್ನು ಕಿತ್ತೊಗೆಯಲು ಹವಣಿಸುವುದು ಮುಖ್ಯವಾಗಿ ಇದೇ ಬಲ.

2. ಸಹಜ ಬೆಸುಗೆಯ ರಚನೆ

ಸಹಜ ಮೃದ್ವಸ್ಥಿ ಮೂಳೆಗೆ ಅಂಟಿಕೊಂಡಿಲ್ಲ, ಮೂಳೆಯ ಕಡೆಗೆ ಹಂತಹಂತವಾಗಿ ಗಟ್ಟಿಯಾಗುತ್ತ ಹೋಗುತ್ತದೆ. ಆಳದ ಪದರದ ಕೊಲಾಜನ್ ಎಳೆಗಳು ನೆಟ್ಟಗೆ ಕೆಳಗಿಳಿದು, ಸುಣ್ಣಗಟ್ಟಿದ ಮೃದ್ವಸ್ಥಿಯ ಪದರದೊಳಗೆ ಹೊಕ್ಕು ಅಲ್ಲಿ ಬಿಗಿಯಾಗುತ್ತವೆ. ಆ ಪದರ ಅಂಕುಡೊಂಕಾದ ಮೇಲ್ಮೈಯಿಂದ ಮೂಳೆಯೊಂದಿಗೆ ಹೆಣೆದುಕೊಂಡಿರುತ್ತದೆ. ಹೀಗಾಗಿ ಮೆತ್ತನೆಯದಕ್ಕೂ ಗಟ್ಟಿಯದಕ್ಕೂ ನಡುವೆ ಒತ್ತಡ ಒಂದೇ ಗೆರೆಯಲ್ಲಿ ಕೂಡಿಬೀಳುವುದಿಲ್ಲ. ಕೃತಕ ಜೋಡಣೆಗಳಲ್ಲಿ ಬಹಳ ಕಾಲ ಕಾಣೆಯಾಗಿದ್ದುದು ಈ ಗುಣವೇ.

3. ಮೊದಲ ಗಡಿ: ಜೆಲ್ ಮತ್ತು ಆಧಾರ

ಹೊಲಿಗೆ, ಫೈಬ್ರಿನ್ ಅಂಟು, ಬಿಗಿಯಾಗಿ ಒತ್ತಿ ಕೂರಿಸುವುದು ಇವು ಹಳೆಯ ದಾರಿಗಳು. ಹೊಲಿಗೆಯ ರಂಧ್ರದಿಂದಲೇ ಜೆಲ್ ಹರಿಯಬಹುದು. ಅಂಟಿಗೆ ಸಿಗುವುದು ಹೆಚ್ಚಾಗಿ ನೀರಿನ ಮೇಲ್ಮೈ. ಒತ್ತಿ ಕೂರಿಸಿದ ಜೆಲ್ ಮೂಳೆಯೊಂದಿಗೆ ಬೆಸೆಯುವುದಿಲ್ಲ. ಪಾಲಿವಿನೈಲ್ ಆಲ್ಕೊಹಾಲ್ ಜೆಲ್ಲಿನ ಇಂಥ ಬಿರಡೆಗಳು ಮಂಡಿಯಲ್ಲಿ ಜಾಗ ಬಿಟ್ಟು ಕದಲಿದ ಪ್ರಕರಣಗಳು 2000ದ ದಶಕದ ನಡುಭಾಗದಲ್ಲಿ ಜರ್ಮನಿಯಿಂದ ವರದಿಯಾದವು. ಅದೇ ಬಗೆಯ ಜೆಲ್ಲಿನ ಕಾರ್ಟಿವಾ ಇಂಪ್ಲಾಂಟಿಗೆ ಕಾಲಿನ ಹೆಬ್ಬೆರಳ ಕೀಲಿಗಾಗಿ ಅಮೆರಿಕದಲ್ಲಿ 2016ರಲ್ಲಿ ಅನುಮತಿ ದೊರೆಯಿತು. 2024ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಆಗ ಪಟ್ಟಿಮಾಡಿದ ತೊಂದರೆಗಳಲ್ಲಿ ಸ್ಥಾನಪಲ್ಲಟ ಮತ್ತು ಮೂಳೆಯೊಳಗೆ ಕುಸಿಯುವಿಕೆಯೂ ಇದ್ದವು.

ಈ ಗಡಿಯನ್ನು ಎರಡು ಕಡೆ ಹೊಸದಾಗಿ ಚಿಂತಿಸಲಾಯಿತು. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ ಜಿಯಾನ್ ಪಿಂಗ್ ಗಾಂಗ್ ಅವರ ತಂಡ ಜೆಲ್ಲಿನ ಹೊರಪದರದಲ್ಲಿ ಹೈಡ್ರಾಕ್ಸಿಅಪಟೈಟ್ ಹರಳುಗಳನ್ನು ಬೆಳೆಸಿತು. ಮೊಲಗಳ ಮಂಡಿಯಲ್ಲಿ ಮೂಳೆ ತಾನಾಗಿ ಜೆಲ್ಲಿನೊಳಕ್ಕೆ ಬೆಳೆದು ಬೆಸೆದುಕೊಂಡಿತೆಂದು 2016ರಲ್ಲಿ ಪ್ರಕಟಿಸಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಬೆಂಜಮಿನ್ ವೈಲಿ ಮತ್ತು ಕೆನ್ ಗಾಲ್ ಅವರ ತಂಡ ಬ್ಯಾಕ್ಟೀರಿಯಾ ನೇಯುವ ಸೆಲ್ಯುಲೋಸ್ ಹಾಳೆಯನ್ನು ಹೈಡ್ರಾಕ್ಸಿಅಪಟೈಟ್ ರೂಪಿಸುವ ಸಿಮೆಂಟಿನಿಂದ ರಂಧ್ರಮಯ ಆಧಾರಕ್ಕೆ ಮೊದಲು ಬೆಸೆದು, ಆಮೇಲೆ ಅದರ ಎಳೆಗಳ ನಡುವೆ ಜೆಲ್ ತುಂಬಿತು. ಸಿಮೆಂಟಿನಲ್ಲಿ ಹೂತ ಈ ಎಳೆಗಳು ಸಹಜ ಕೊಲಾಜನ್ನಿನ ಕೆಲಸ ಮಾಡುತ್ತವೆ. ಅಂದಿನವರೆಗಿನ ವಿಧಾನಗಳು ಸಹಜ ಸಂಧಿಯ ಶಿಯರ್ ಬಲದ ಹತ್ತನೆಯ ಒಂದು ಪಾಲನ್ನೂ ಮುಟ್ಟಿರಲಿಲ್ಲ; ಇದು ಆ ಹಿಡಿತವನ್ನು ಮೂರು ಪಟ್ಟಾಗಿಸಿತು. ಆದರೂ ಅದು ಸಹಜ ಸಂಧಿಗೆ ಸಮನಾಗಲಿಲ್ಲ. ಸಿಮೆಂಟಿನ ಜೊತೆಗೆ ಬಿಗಿಪಟ್ಟಿಯನ್ನೂ ಬಳಸಿ ಜೆಲ್ಲನ್ನು ಟೈಟೇನಿಯಂ ಬುಡಕ್ಕೆ ಕಟ್ಟಿದಾಗ ಹಿಡಿತ ಸಹಜಕ್ಕಿಂತ 68% ಹೆಚ್ಚಾಯಿತು ಎಂದು 2022ರಲ್ಲಿ ತಂಡ ವರದಿ ಮಾಡಿತು. ಅದೇ ಜೆಲ್ಲಿನ ಬಲ ಎಳೆತದಲ್ಲಿ ಸಹಜ ಮೃದ್ವಸ್ಥಿಗಿಂತ 26%, ಒತ್ತಡದಲ್ಲಿ 66% ಹೆಚ್ಚು. ರಾಸಾಯನಿಕ ಬೆಸುಗೆ ಮತ್ತು ಯಾಂತ್ರಿಕ ಬಿಗಿತ ಒಂದಕ್ಕೊಂದು ಪೂರಕವೆಂಬ ಪಾಠ ಇಲ್ಲಿ ಸ್ಪಷ್ಟವಾಗಿದೆ.

4. ಎರಡನೆಯ ಗಡಿ: ಆಧಾರ ಮತ್ತು ಮೂಳೆ

ಇಲ್ಲಿ ಸೊಂಟ ಮತ್ತು ಮಂಡಿ ಬದಲಿ ಶಸ್ತ್ರಚಿಕಿತ್ಸೆಗಳ ದೀರ್ಘ ಅನುಭವ ನೆರವಿಗಿದೆ. ರಂಧ್ರಮಯ ಟೈಟೇನಿಯಂನೊಳಗೆ ಮೂಳೆ ಬೆಳೆಯಬೇಕಾದರೆ ಆರಂಭದ ವಾರಗಳಲ್ಲಿ ಇಂಪ್ಲಾಂಟ್ ಅಲುಗಾಡಬಾರದು. ಸೂಕ್ಷ್ಮಚಲನೆ ಸುಮಾರು 150 ಮೈಕ್ರೊಮೀಟರ್ ದಾಟಿದರೆ ಮೂಳೆಯ ಬದಲು ನಾರಿನ ಅಂಗಾಂಶ ಬೆಳೆಯುತ್ತದೆ; ಹಿಡಿತ ಸಡಿಲವಾಗಿಯೇ ಉಳಿಯುತ್ತದೆ. ಹಾಗಾಗಿ ರಂಧ್ರ ಕೊರೆಯುವ ಉಪಕರಣದ ನಿಖರತೆಯೂ ಮೊದಲ ವಾರಗಳಲ್ಲಿ ಕಾಲಿನ ಮೇಲೆ ಭಾರ ಹಾಕುವ ಮಿತಿಯೂ ಹಿಡಿತದ ಭಾಗವೇ.

5. ಮೂರನೆಯ ಗಡಿ: ಜೆಲ್ ಮತ್ತು ನೆರೆಯ ಮೃದ್ವಸ್ಥಿ

ಸಂಶೋಧನೆಯಲ್ಲಿ ಹಿಂದುಳಿದ ಗಡಿ ಇದು. ಇಂಪ್ಲಾಂಟಿನ ಅಂಚಿಗೂ ಸುತ್ತಲಿನ ಮೃದ್ವಸ್ಥಿಗೂ ಜೀವಂತ ಬೆಸುಗೆ ಮೂಡುವುದಿಲ್ಲ. ತುಣುಕು ಸ್ವಲ್ಪ ಮೇಲೆದ್ದರೂ ಎದುರಿನ ಮೃದ್ವಸ್ಥಿಯನ್ನು ಉಜ್ಜುತ್ತದೆ, ತಾನೂ ಹೆಚ್ಚು ಶಿಯರ್ ಬಲಕ್ಕೆ ಸಿಲುಕುತ್ತದೆ. ತೀರಾ ತಗ್ಗಿದರೆ ಭಾರ ನೆರೆಯ ಅಂಚಿನ ಮೇಲೆ ಬೀಳುತ್ತದೆ. ಬಿರುಕಿನಲ್ಲಿ ಒತ್ತಡದಿಂದ ನುಗ್ಗುವ ಕೀಲುದ್ರವ ಕೆಳಗಿನ ಮೂಳೆಯಲ್ಲಿ ಪೊಳ್ಳುಗಳಿಗೆ ಕಾರಣವಾಗಬಲ್ಲದು. ಬುಡ ಎಷ್ಟೇ ಭದ್ರವಾಗಿರಲಿ, ಈ ಅಂಚು ಕೆಟ್ಟರೆ ರೋಗಿಯ ನೋವು ಮರಳುತ್ತದೆ.

6. ಪರೀಕ್ಷೆಯ ಮಾನದಂಡ

ಒಂದೇ ತಳ್ಳಿಕೆಗೆ ಎಷ್ಟು ತಾಳಿತು ಎಂಬ ಅಂಕಿ ಅಗತ್ಯ, ಆದರೆ ಸಾಲದು. ಮಂಡಿ ವರ್ಷಕ್ಕೆ ಲಕ್ಷಾಂತರ ಸಲ ಮಡಚುತ್ತದೆ. ಜೋಡಣೆಯನ್ನು ದೇಹದ ಉಷ್ಣತೆಯ ದ್ರವದಲ್ಲಿ ನೆನೆಸಿ, ಒತ್ತಡ ಮತ್ತು ಶಿಯರ್ ಎರಡನ್ನೂ ಒಟ್ಟಿಗೆ ಹೇರಿ, ದಣಿವಿನ ಪರೀಕ್ಷೆ ಮಾಡಬೇಕು. ನಡಿಗೆಯ ಚಕ್ರ ಮಾತ್ರ ಅನುಕರಿಸಿದರೆ ನಮ್ಮ ಜನರ ಮಂಡಿಗೆ ನ್ಯಾಯ ಸಿಗುವುದಿಲ್ಲ. ಚಕ್ಕಳಮಕ್ಕಳ ಕೂರುವಾಗ, ಕುಕ್ಕರಗಾಲಲ್ಲಿ ಕೂತು ಏಳುವಾಗ ಭಾರ ತೊಡೆಮೂಳೆಯ ಹಿಂಬದಿಗೆ ಸರಿಯುತ್ತದೆ. ಗದ್ದೆಯಲ್ಲಿ, ಅಡುಗೆಮನೆಯಲ್ಲಿ, ಪ್ರಾರ್ಥನೆಯಲ್ಲಿ ದಿನವೂ ಹೀಗೆ ಕೂರುವವರಿಗೆ ಇಂಪ್ಲಾಂಟ್ ಹಾಕುವ ಮುನ್ನ ಆ ಭಂಗಿಗಳಲ್ಲೂ ಅದರ ಹಿಡಿತವನ್ನು ಅಳೆದಿರಬೇಕು.

7. ಉಪಸಂಹಾರ

ವಸ್ತುವಿನ ಬಲದ ಪ್ರಶ್ನೆ ಬಹುಮಟ್ಟಿಗೆ ಬಗೆಹರಿದಿದೆ. ಇನ್ನು ಮುಂದಿನ ವರದಿಗಳು ಮೂರು ಗಡಿಗಳ ಫಲಿತಾಂಶವನ್ನು ಪ್ರತ್ಯೇಕವಾಗಿ ಕೊಡಬೇಕು. ವೈಫಲ್ಯ ಯಾವ ಗಡಿಯಲ್ಲಿ ಆರಂಭವಾಯಿತೆಂದು ದಾಖಲಿಸಬೇಕು. ಮೂಳೆ ಬೆಳೆದು ಹಿಡಿದ ಬುಡವನ್ನು ತೆಗೆಯಬೇಕಾಗಿ ಬಂದಾಗ ಎಷ್ಟು ಮೂಳೆ ಉಳಿಯುತ್ತದೆ ಎಂಬುದನ್ನೂ ವಿನ್ಯಾಸದ ಹಂತದಲ್ಲೇ ಲೆಕ್ಕ ಹಾಕಬೇಕು. ಮಂಡಿಯನ್ನೇ ಬದಲಿಸಲು ವಯಸ್ಸಾಗಿರದ, ನೋವಿನೊಂದಿಗೆ ದುಡಿಯುವ ರೋಗಿಗಳಿಗೆ ಈ ಚಿಕಿತ್ಸೆ ದೊಡ್ಡ ಆಸರೆ. ಅವರು ಇಂಪ್ಲಾಂಟಿನೊಂದಿಗೆ ದಶಕಗಳನ್ನು ಕಳೆಯಬೇಕಾದವರು. ಹಿಡಿತದ ಪುರಾವೆಯನ್ನೂ ಅಷ್ಟೇ ದೀರ್ಘ ಬಾಳಿಕೆಯ ದೃಷ್ಟಿಯಿಂದ ಕಟ್ಟಬೇಕು.