ಉಪ್ಪಿನ ಗಂಟಿನ ಶಾಖ

ಜನವರಿಯ ಚಳಿಗೆ, ಊರಿಂದ ಬಂದ ಹಿರಿಯರ ಮಂಡಿ ಹಿಡಿದುಕೊಂಡರೆ, ಬ್ರಿಡ್ಜ್‌ವಾಟರಿನ ಕನ್ನಡ ಮನೆಗಳಲ್ಲೂ ಬಾಣಲೆಯಲ್ಲಿ ಕಲ್ಲುಪ್ಪು ಚಟಪಟಗುಟ್ಟುತ್ತದೆ. ಹುರಿದ ಉಪ್ಪನ್ನು ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ಶಾಖ ಕೊಡುವ ಪದ್ಧತಿ ಬಹಳ ಹಳೆಯದು. ಚರಕಸಂಹಿತೆಯ ಸೂತ್ರಸ್ಥಾನದ 14ನೆಯ ಅಧ್ಯಾಯ ಪೂರ್ತಿ ಸ್ವೇದನಕ್ಕೇ ಮೀಸಲು. ಅಲ್ಲಿ ಹೇಳಿರುವ 13 ಬಗೆಯ ಅಗ್ನಿಸ್ವೇದಗಳಲ್ಲಿ ಮೊದಲನೆಯದಾದ ಸಂಕರಸ್ವೇದವೆಂದರೆ ಬಿಸಿ ಉಂಡೆಗಳನ್ನು ಬಟ್ಟೆಯಲ್ಲಿ ಸುತ್ತಿಯೋ ಸುತ್ತದೆಯೋ ಕೊಡುವ ಶಾಖ.

ಶಾಖದ ಗುಣವನ್ನು ಅಳೆದು ನೋಡಿದ ಒಂದು ಮುಖ್ಯ ಪ್ರಯೋಗ ನಡೆದದ್ದು ನಮ್ಮ ನ್ಯೂಜೆರ್ಸಿಯವರಿಂದಲೇ. ನೆವಾರ್ಕಿನ ವೈದ್ಯಕೀಯ ಕಾಲೇಜಿನ ಸ್ಕಾಟ್ ನ್ಯಾಡ್ಲರ್ ಮತ್ತು ಸಂಗಡಿಗರು, ಹೊಸದಾಗಿ ಸೊಂಟನೋವು ಬಂದ 371 ಮಂದಿಯನ್ನು ಪರೀಕ್ಷಿಸಿ, 2002ರಲ್ಲಿ ‘ಸ್ಪೈನ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು 40 ಡಿಗ್ರಿ ಸೆಲ್ಸಿಯಸ್‌ನ ಹದವಾದ ಕಾವಿನ ಪಟ್ಟಿ, ಐಬುಪ್ರೊಫೆನ್ ಮತ್ತು ಅಸೆಟಮಿನೋಫೆನ್ ಮಾತ್ರೆಗಳಿಗಿಂತ ಹೆಚ್ಚು ನೋವು ಇಳಿಸಿತ್ತು. 2017ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಕೂಡ ಇಂಥ ನೋವಿಗೆ ಮೊದಲು ಆರಿಸಬಹುದಾದ ಉಪಚಾರಗಳಲ್ಲಿ ಶಾಖವನ್ನು ಸೇರಿಸಿತು.

ಆದರೆ ಚರಕನ ಅದೇ ಅಧ್ಯಾಯದಲ್ಲಿ ಇನ್ನೊಂದು ಪಟ್ಟಿಯೂ ಇದೆ: ಯಾರಿಗೆ ಸ್ವೇದ ಕೂಡದು ಎಂಬುದು. ಗರ್ಭಿಣಿಯರ ಜೊತೆಗೆ ಮಧುಮೇಹಿಗಳೂ ಅದರಲ್ಲಿದ್ದಾರೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಸುಡುವುದೇ ತಿಳಿಯದು. ಹೀಟಿಂಗ್ ಪ್ಯಾಡ್ ಇಟ್ಟುಕೊಂಡು ನಿದ್ದೆಹೋದರೆ ಬೆಳಗ್ಗೆ ಗುಳ್ಳೆ ಎದ್ದಿರುತ್ತದೆ. ಅಜ್ಜಿ ಗಂಟನ್ನು ಮೊದಲು ತನ್ನ ಮುಂಗೈಗೆ ಒತ್ತಿ ನೋಡುತ್ತಿದ್ದಳು. ಪ್ಯಾಡಿನ ಸ್ವಿಚ್ ಒತ್ತುವ ಮೊದಲು ನಾವೂ ಅಷ್ಟು ಮಾಡಬೇಕು.